ವಾಚನಾಲಯದ ತಾರಸಿಗೆ ನಾವು ಹಾಕಿದ ಗಾರೆ

ಚಾವಣಿಯ ಮೇಲಿದ್ದ ಆ ಕಂದು ಕಲೆಯನ್ನು ನೋಡಿ ನಮ್ಮಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ಉಡುಪಿ, ಕುಂದಾಪುರ, ಬಂಟ್ವಾಳ, ಉಳ್ಳಾಲದ ಕಡೆಯ ಹತ್ತಾರು ಗಂಡಸರು ಕತ್ತೆತ್ತಿ ನಿಂತು ಒಂದೇ ಬಾಯಲ್ಲಿ ಹೇಳಿದೆವು: ಮಾಡು ಸೋರುತ್ತಿದೆ. ವರ್ಷಕ್ಕೆ ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿನಲ್ಲಿ ಹುಟ್ಟಿದವರಿಗೆ ಚಾವಣಿಯ ಕಂದು ಕಲೆಗೆ ಬೇರೆ ಅರ್ಥವೇ ಗೊತ್ತಿಲ್ಲ. ನಾವು ನಿಂತಿದ್ದದ್ದು ದೋಹಾದಲ್ಲಿ, ನಾಲ್ಕು ಹನಿ ಬಿದ್ದರೆ ಜನ ಕಾರು ನಿಲ್ಲಿಸಿ ಫೋಟೋ ತೆಗೆಯುವ ಊರಿನಲ್ಲಿ, ಎಂಬುದು ಆ ಹೊತ್ತಿಗೆ ಯಾರ ತಲೆಗೂ ಹೊಳೆಯಲಿಲ್ಲ.

ಇದು ಎರಡು ಸಾವಿರದ ದಶಕದ ನಡುಭಾಗದ ಮಾತು. ದೋಹಾದ ಹಳೆಯ ಬಡಾವಣೆ ಮುಶೈರಿಬ್ ಆಗ ಈಗಿನ ಮುಶೈರಿಬ್ ಅಲ್ಲ. ಟೈಲರ್ ಅಂಗಡಿ, ವಾಚು ರಿಪೇರಿ, ಬ್ಯಾಚುಲರ್ ರೂಮುಗಳ ನಡುವಿನ ಒಂದು ಗಲ್ಲಿಯಲ್ಲಿ ಒಂದೇ ಅಂತಸ್ತಿನ ಹಳೆಯ ಕಾಂಕ್ರೀಟು ಕಟ್ಟಡ. ರಸ್ತೆಗೆ ಮುಖ ಮಾಡಿ ಕಾರ್ಕಳ ಕಡೆಯವರೊಬ್ಬರ ಕೆಫೆಟೀರಿಯಾ. ಅವರನ್ನು ನಾವೆಲ್ಲ ಯಜಮಾನರು ಎನ್ನುತ್ತಿದ್ದೆವು. ಅದರ ಹಿಂದೆ, ಅದೇ ತಾರಸಿಯ ಕೆಳಗೆ, ಒಂದು ಉದ್ದ ಕೋಣೆ. ಕೋಣೆಯ ಹಿಂದೆ ಪುಟ್ಟ ಅಂಗಳ. ಆ ಕೋಣೆಯೇ ನಮ್ಮ ವಾಚನಾಲಯ. ಬೋರ್ಡು ಇರಲಿಲ್ಲ, ಸದಸ್ಯತ್ವವೂ ಇರಲಿಲ್ಲ. ಬಾಗಿಲು ತೆರೆದಿದ್ದರೆ ಯಾರು ಬೇಕಾದರೂ ಒಳಗೆ ಬಂದು ಓದಬಹುದು ಎಂಬುದಷ್ಟೇ ನಿಯಮ. ಡ್ರೈವರುಗಳು, ಆಫೀಸ್ ಬಾಯ್‌ಗಳು, ದರ್ಜಿಗಳು ಮುಂದಿನಿಂದ ಚಹಾ ಹಿಡಿದುಕೊಂಡು ಬಂದು ವಾರ ಹಳೆಯ ಕನ್ನಡ ಪತ್ರಿಕೆಯನ್ನು ಜಾಹೀರಾತು ಸಮೇತ ಓದುತ್ತಿದ್ದರು. ಪುಸ್ತಕಗಳಿಗೆ ಒಂದು ಪದ್ಧತಿ ಇತ್ತು. ರಜೆಯಲ್ಲಿ ಊರಿಗೆ ಹೋದವರು ಮರಳುವಾಗ ಬ್ಯಾಗಿನಲ್ಲಿ ಎರಡು ಪುಸ್ತಕಕ್ಕೆ ಜಾಗ ಬಿಡಬೇಕು. ಹಪ್ಪಳ, ಕುಚ್ಚಲಕ್ಕಿ, ಉಪ್ಪಿನಕಾಯಿಗಳ ಜತೆ ಜಗಳಾಡಿ ಗೆದ್ದು ಬಂದ ಪುಸ್ತಕಗಳವು. ಕೆಲವಕ್ಕೆ ಮಿಡಿ ಉಪ್ಪಿನಕಾಯಿಯ ರಸವೂ ತಾಗಿರುತ್ತಿತ್ತು.

ನಾನಿದ್ದದ್ದು ದೋಹಾದಿಂದ ಒಂದು ಗಂಟೆ ದೂರದ ಅಲ್ ಖೋರಿನಲ್ಲಿ. ಕೆಲಸ ಪಕ್ಕದ ರಾಸ್ ಲಫಾನಿನ ಒಂದು ಗ್ಯಾಸ್ ಸ್ಥಾವರದ ಇನ್‌ಸ್ಪೆಕ್ಷನ್ ವಿಭಾಗದಲ್ಲಿ. ಸರಳವಾಗಿ ಹೇಳಿದರೆ ಪೈಪು, ಟ್ಯಾಂಕುಗಳಲ್ಲಿ ತುಕ್ಕು ಹುಡುಕುವುದು. ಶುಕ್ರವಾರ ಬೆಳಿಗ್ಗೆ ಮಗಳನ್ನು ಕೂರಿಸಿಕೊಂಡು ದೋಹಾಕ್ಕೆ ಬರುತ್ತಿದ್ದೆ. ಇಂಗ್ಲಿಷ್ ಶಾಲೆಗೆ ಹೋಗುವ ಅವಳಿಗೆ ಕನ್ನಡ ಅಕ್ಷರವಾದರೂ ಬರಬೇಕು ಎಂಬುದು ನನ್ನ ಹಟ. ವಿಜಾಪುರ ಕಡೆಯ ಟೀಚರ್ ಒಬ್ಬರು ತಮ್ಮ ಫ್ಲ್ಯಾಟಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಮಕ್ಕಳು ಹೆಚ್ಚಾದರು, ಹಾಲ್ ಸಾಲದಾಯಿತು. ಆಗ ಎದ್ದದ್ದೇ ವಾಚನಾಲಯವನ್ನು ದುರಸ್ತಿ ಮಾಡುವ ಮಾತು. ಹೊಸ ಕಪಾಟು, ಬಣ್ಣ, ಟ್ಯೂಬ್‌ಲೈಟು, ಒಂದು ಎಸಿ, ನೆಲಕ್ಕೆ ಕಾರ್ಪೆಟ್ಟು. ಶುಕ್ರವಾರ ಮಕ್ಕಳಿಗೆ, ಉಳಿದ ದಿನ ಓದುವವರಿಗೆ.

ಸುತ್ತಲಿನ ಕೆಲವು ಮನೆಗಳ ಗೋಡೆಗೆ ಆಗಲೇ ಕೆಂಪು ಬಣ್ಣದ ಗುರುತು ಬಿದ್ದಿತ್ತು. ಇಡೀ ಬಡಾವಣೆ ಒಡೆಯುತ್ತಾರಂತೆ ಎಂಬ ಸುದ್ದಿ. ಒಂದೊಂದೇ ಮನೆ ಖಾಲಿಯಾಗಿ, ಕಿಟಕಿ ಕಳಚಿದ ಗೋಡೆಗಳ ಒಳಗೆ ಗಾಳಿ ಓಡಾಡುತ್ತಿತ್ತು. ಯಜಮಾನರಿಗೆ ಅದರ ಚಿಂತೆ ಇರಲಿಲ್ಲ.

"ನಾನು ಬಂದ ದಿನದಿಂದ ಕೇಳ್ತಾ ಇದ್ದೇನೆ, ಒಡೀತಾರೆ ಒಡೀತಾರೆ ಅಂತ. ಒಡೆಯುವಾಗ ಒಡೀಲಿ. ಮಕ್ಕಳು ಅಷ್ಟರಲ್ಲಿ ನಾಲ್ಕು ಅಕ್ಷರ ಕಲಿತಾರೆ," ಎಂದರು.

ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಟ್ಟಡ ಸಾಮಾನಿನ ಅಂಗಡಿ ಇದ್ದ ಉಳ್ಳಾಲದ ಹಾಜಿಯವರು ಮುಂದೆ ಬಂದರು. "ನೀವು ಕೆಲಸಕ್ಕೆ ಜನ ತನ್ನಿ. ಸಿಮೆಂಟು, ಹೊಯಿಗೆ ನನ್ನ ಮೇಲೆ ಬಿಡಿ. ಓದ್ಲಿಕ್ಕೆ ನನಗೆ ಟೈಮಿಲ್ಲ ಮಾರಾಯ್ರೇ, ಪುಣ್ಯವಾದ್ರೂ ಬರ್ಲಿ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ, ಸೋರುತ್ತಿದೆ ಎಂದದ್ದೇ ತಡ, ನಾವು ತಾರಸಿ ಹತ್ತಿದೆವು. ಯಾವ ಮಳೆ, ಯಾವಾಗ ಸೋರಿತು ಎಂದು ಯಾರೂ ಕೇಳಲಿಲ್ಲ. ವಾರವಿಡೀ ತುಕ್ಕನ್ನೇ ಹುಡುಕುವ ನಾನೂ ಕೇಳಲಿಲ್ಲ. ರಾಸ್ ಲಫಾನಿನಲ್ಲಿ ನನ್ನದು ಇನ್‌ಸ್ಪೆಕ್ಟರನ ಕಣ್ಣು, ಈ ಗಲ್ಲಿಯಲ್ಲಿ ನನ್ನದು ಊರಿನ ಕಣ್ಣು.

ತಾರಸಿ ಚಪ್ಪಟೆಯಾಗಿತ್ತು, ನೀರು ಹರಿದುಹೋಗಲು ಇಳಿಜಾರೇ ಇಲ್ಲ. ನಮ್ಮ ಕಣ್ಣಿಗೆ ಅದು ದೊಡ್ಡ ದೋಷವಾಗಿ ಕಂಡಿತು. ಹಳೆಯ ಮೇಲ್ಮೈಯನ್ನು ತಂತಿ ಬ್ರಶ್ಶಿನಿಂದ ಉಜ್ಜಿದೆವು. ಸಿಮೆಂಟು ಹಾಲು ಸುರಿದೆವು. ಅದರ ಮೇಲೆ ಸಣ್ಣ ಜಲ್ಲಿ ಬೆರೆಸಿದ ಗಾರೆ, ನಡುವೆ ಎತ್ತರ, ಅಂಚಿಗೆ ತಗ್ಗು. ಎಷ್ಟು ದಪ್ಪ ಹಾಕುವುದೆಂಬ ಚರ್ಚೆ ಎದ್ದಾಗ ಯಜಮಾನರು ಕೆಳಗಿನಿಂದಲೇ ಕೂಗಿದರು: "ಹಾಕುವಾಗ ದಪ್ಪಕ್ಕೆ ಹಾಕಿ ಮಾರಾಯ್ರೇ! ಒಂದು ಸಲ ಹಾಕಿದ್ರೆ ಮತ್ತೆ ಈ ಕಡೆ ತಲೆ ಹಾಕ್ಬಾರ್ದು." ದಪ್ಪಕ್ಕೇ ಹಾಕಿದೆವು. ಬಕೆಟ್ಟಿನ ಸಾಲು ಅಂಗಳದಿಂದ ಏಣಿಯ ಮೂಲಕ ಮೇಲೇರುತ್ತಿತ್ತು. ಜುಮ್ಮಾ ನಮಾಜಿಗೆ ಹಾಜಿಯವರೂ ಅವರ ಕಡೆಯವರೂ ಮಸೀದಿಗೆ ಹೋದಾಗ ಉಳಿದವರು ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂರುತ್ತಿದ್ದೆವು. ಅವರು ಬಂದ ಮೇಲೆ ಒಟ್ಟಿಗೆ ಊಟ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಯಜಮಾನರು ಮೊಸರಿನ ಜತೆ ಬಿರಿಯಾನಿಯನ್ನೂ ಹಾಕುತ್ತಿದ್ದರು. ಆ ಶುಕ್ರವಾರಗಳಷ್ಟು ಖುಷಿಯಾಗಿ ನಾನು ಈ ದೇಶದಲ್ಲಿ ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುವುದು ಅದಕ್ಕೇ.

ಗಾರೆ ಗಟ್ಟಿಯಾದ ಮೇಲೆ ನೀರು ಕಟ್ಟಿದೆವು. ತಾರಸಿಯ ಸುತ್ತ ಸಣ್ಣ ಬದು ಮಾಡಿ, ಒಳಗೆ ಗದ್ದೆಗೆ ನಿಲ್ಲಿಸಿದ ಹಾಗೆ ನೀರು. ಊರಿನಲ್ಲಿ ಹೊಸ ಮಾಡಿಗೆ ಮಾಡುವ ಪರೀಕ್ಷೆಯೂ ಅದೇ, ಆರೈಕೆಯೂ ಅದೇ. ವಾರವಿಡೀ ಯಜಮಾನರ ಹುಡುಗರು ನೀರು ತುಂಬಿಸಿದರು. ಮುಂದಿನ ಶುಕ್ರವಾರ ಕೆಳಗೆ ಬಂದು ನೋಡಿದರೆ ಒಂದು ಹನಿಯೂ ಇಳಿದಿಲ್ಲ. ಚಪ್ಪಾಳೆ ತಟ್ಟಿದೆವು. ಮೇಲೆ ಮಾತ್ರ ನೀರು ಬೇಗ ಬೇಗ ಕಡಿಮೆಯಾಗುತ್ತಿದೆ ಎಂದು ಹುಡುಗರು ದೂರಿದರು. ಬಿಸಿಲು ಕುಡಿಯುತ್ತದೆ ಎಂದೆವು. ಆ ನೀರು ಎಲ್ಲಿಗೆ ಹೋಗುತ್ತಿತ್ತು ಎಂದು ನನಗೆ ಗೊತ್ತಾದದ್ದು ಆಮೇಲೆ.

ನಂತರ ಒಳಗಿನ ಕೆಲಸ. ಚಾವಣಿಯ ಕಂದು ಕಲೆಗಳನ್ನು ಕೆರೆದು ಪುಟ್ಟಿ ತುಂಬಿ, ಉಜ್ಜಿ, ಎರಡು ಕೈ ಬಿಳಿ ಬಣ್ಣ. ಬಳಿದವನು ನಾನು. ಮೂರು ಗೋಡೆಗೆ ಕಪಾಟು ಬಂತು, ಎಸಿ ಬಂತು. ಉದ್ಘಾಟನೆಗೆ ದಿನ ಗೊತ್ತಾಗುವ ಮೊದಲೇ ಟೀಚರ್ ತರಗತಿ ಶುರು ಮಾಡಿಬಿಟ್ಟರು. ಕೋಣೆಯ ನಡುವೆ ತಗ್ಗಿನ ಮೇಜು, ಸುತ್ತ ಕಾರ್ಪೆಟ್ಟಿನ ಮೇಲೆ ಮಕ್ಕಳು.

ಮೊದಲು ಕೈಕೊಟ್ಟದ್ದು ಬಾಗಿಲು. ಅಂಗಳದ ಕಡೆಯ ಮರದ ಬಾಗಿಲು ಸಲೀಸಾಗಿ ಮುಚ್ಚುತ್ತಿದ್ದುದು ಮೇಲ್ಗಡೆ ಕಚ್ಚಿಕೊಳ್ಳತೊಡಗಿತು. ಬಣ್ಣ ದಪ್ಪವಾಗಿದೆ ಎಂದು ರಂದ ಹೊಡೆದು ತೆಳ್ಳಗೆ ಮಾಡಿದೆವು. ಎರಡು ವಾರಕ್ಕೆ ಮತ್ತೆ ಕಚ್ಚಿತು. ಇನ್ನಷ್ಟು ರಂದ ಹೊಡೆದೆವು. ಆಮೇಲೆ ಚಾವಣಿಯ ಹೊಸ ಬಣ್ಣದ ಮೇಲೆ ಕೂದಲಿನಷ್ಟು ತೆಳುವಾದ ಗೆರೆಗಳು ಕಾಣಿಸಿದವು. ಹೊಸ ಪುಟ್ಟಿ ಆರುವಾಗ ಬಿರಿಯುವುದು ಸಹಜ. ಆದರೆ ಬಿರುಕಿಗೆ ಅಂಕುಡೊಂಕು ಇರುತ್ತದೆ. ಇವು ನೆಟ್ಟಗಿದ್ದವು, ಒಂದಕ್ಕೊಂದು ಸಮಾನಾಂತರ, ಗೇಣಿಗೊಂದು. ಅದನ್ನು ನೋಡಿ ನನ್ನೊಳಗೆ ಏನೋ ಚುರುಕ್ ಎಂದಿತು. ಮುಂದಿನ ವಾರ ನೋಡೋಣ ಎಂದುಕೊಂಡು ಮಗಳನ್ನು ಕರೆದುಕೊಂಡು ಅಲ್ ಖೋರಿಗೆ ಹೋದೆ.

ಉದ್ಘಾಟನೆಗೆ ಒಂದು ವಾರ ಇರುವಾಗ ತರಗತಿ ಮುಗಿಸಿದ ಟೀಚರ್ ನನ್ನನ್ನು ತಡೆದರು. ಕೈಯಲ್ಲಿ ಮೇಜು ಒರೆಸುವ ಬಟ್ಟೆ.

"ಸರ್, ಸ್ವಲ್ಪ ಇಲ್ಲಿ ನೋಡ್ರಿ. ತರಗತಿಗಿಂತ ಮೊದಲ ಈ ಟೇಬಲ್ ಒರಸೀನಿ. ಈಗ ನೋಡ್ರಿ, ಮತ್ತ ಬಿದ್ದದ."

ಬೆರಳಿನಿಂದ ಸವರಿದೆ. ಬಿಳಿ ಪುಡಿ, ನಡುವೆ ತರಿತರಿ. "ಧೂಳಲ್ಲವಾ ಟೀಚರ್? ಮರುಭೂಮಿಯಲ್ಲಿ ಧೂಳಿಗೆ ಬರಗಾಲವಾ?"

ಅವರು ನಗಲಿಲ್ಲ. "ಹೊರಗಿನ ಧೂಳಾದ್ರ ಕಿಡಕಿ ಹತ್ರ, ಬಾಗಲ ಹತ್ರ ಬೀಳ್ಬೇಕಲ್ರಿ. ಇದು ನಡುಮನಿಯೊಳಗ, ವಾರಾವಾರ ಒಂದ ಜಾಗಾದಾಗ ಬೀಳ್ತದ. ನಮ್ಮ ಕಡೆ ಮಣ್ಣಿನ ಮಾಳಗಿ ಮನಿ ಇರ್ತಾವ್ರಿ. ಮ್ಯಾಲಿಂದ ಹಿಂಗ ಉದುರಾಕ ಹತ್ತಿತಂದ್ರ ನಾವು ಮಳಿ ಅನ್ನಂಗಿಲ್ಲ. ತೊಲಿ ಸೋತಾವ ಅಂತೀವಿ. ಅವತ್ತ ರಾತ್ರಿನ ಹುಡುಗರನ್ನ ಹೊರಗ ಮಲಗಸ್ತೀವಿ."

ನನ್ನ ಮಗಳು ಅದೇ ಮೇಜಿನ ಮುಂದೆ ಕುಳಿತು ಚೀಲಕ್ಕೆ ಪೆನ್ಸಿಲು ತುಂಬುತ್ತಿದ್ದಳು. "ಎಲ್ಲರೂ ಅಂಗಳಕ್ಕೆ ಹೋಗಿ," ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಮಕ್ಕಳು ಹೊರಗೆ ಹೋದರು. ಕಾರಿನಲ್ಲಿದ್ದ ಇನ್‌ಸ್ಪೆಕ್ಷನ್ ಸುತ್ತಿಗೆ ತಂದು, ಗೋಡೆಯ ಪಕ್ಕ ಏಣಿ ಇಟ್ಟು ಹತ್ತಿದೆ.

ಸುತ್ತಿಗೆಯ ಪರೀಕ್ಷೆ ಸುಲಭದ್ದು. ಹಗುರವಾಗಿ ತಟ್ಟುತ್ತ ಹೋಗಬೇಕು. ಗಟ್ಟಿ ಕಾಂಕ್ರೀಟು ಟಣ್ ಎನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಹಣ್ಣಾದ ಹಲಸನ್ನು ತಟ್ಟಿದ ಹಾಗೆ ಡಬ್ ಎನ್ನುತ್ತದೆ. ಗೋಡೆಯ ಹತ್ತಿರ ಟಣ್ ಎಂದಿತು. ಒಂದು ಮೊಳ ಒಳಗೆ ಹೋದೆ: ಡಬ್. ಸೀಮೆಸುಣ್ಣದಿಂದ ಗುರುತು ಹಾಕಿದೆ. ಏಣಿ ಸರಿಸಿದೆ: ಡಬ್. ಗುರುತುಗಳು ಒಂದಕ್ಕೊಂದು ಕೂಡಿಕೊಂಡವು. ಮೇಜಿನ ನೆತ್ತಿಗೆ ಬರುವಷ್ಟರಲ್ಲಿ ನಾನು ತಟ್ಟುವುದನ್ನು ನಿಲ್ಲಿಸಿದೆ. ತಟ್ಟಲು ಭಯವಾಯಿತು.

ಆಗ ಎಲ್ಲವೂ ಒಂದಕ್ಕೊಂದು ಸೇರಿತು. ಹಿಂದಿನ ಕಾಲದಲ್ಲಿ ಯಾರೋ ಕಡಲ ದಂಡೆಯ ಮರಳು, ಬಾವಿಯ ಉಪ್ಪುನೀರು ಹಾಕಿ ಕಲಸಿದ ಕಾಂಕ್ರೀಟು ಅದು. ಉಪ್ಪು ಒಳಗಿನ ಸರಳುಗಳನ್ನು ತಿನ್ನುತ್ತ ಬಂದಿದೆ. ಕಬ್ಬಿಣ ತುಕ್ಕು ಹಿಡಿದರೆ ಸವೆಯುತ್ತದೆ ಎಂದಷ್ಟೇ ಜನ ತಿಳಿದಿರುತ್ತಾರೆ; ಅದು ಮೊದಲು ಊದಿಕೊಳ್ಳುತ್ತದೆ, ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಗೇಣಿಗೊಂದರಂತೆ ಇದ್ದ ಗೆರೆಗಳು ಗೇಣಿಗೊಂದರಂತೆ ಇಟ್ಟ ಸರಳುಗಳವು. ಕಂದು ಕಲೆ ಮಳೆಯದಲ್ಲ, ತುಕ್ಕಿನದು. ಬಾಗಿಲು ಕಚ್ಚಿದ್ದು ಬಣ್ಣಕ್ಕಲ್ಲ, ಚಪ್ಪಡಿ ಜಗ್ಗಿದ್ದಕ್ಕೆ. ಮಳೆಯೇ ಬಾರದ ಊರಿನಲ್ಲಿ ಮಳೆಗೆ ಹೆದರಿ ನಾವು ಮುರಿಯುತ್ತಿದ್ದ ಚಪ್ಪಡಿಯ ಮೇಲೆ ಲಾರಿಗಟ್ಟಲೆ ಗಾರೆ ಹೊರಿಸಿದ್ದೆವು. ಸಾಲದ್ದಕ್ಕೆ ವಾರವಿಡೀ ಆ ತುಕ್ಕಿಗೇ ನೀರು ಕುಡಿಸಿದ್ದೆವು.

ಅಂದೇ ಸಂಜೆ ಯಜಮಾನರನ್ನೂ ಹಾಜಿಯವರನ್ನೂ ಕೂರಿಸಿಕೊಂಡು ಹೇಳಿದೆ. ಯಜಮಾನರು ಎದ್ದು ಕೋಣೆಯ ಬಾಗಿಲಿನ ತನಕ ಹೋಗಿ ಬಂದರು.

"ಎಂತ ಮಾರಾಯ್ರೇ ಇದು, ಜನರಿಗೆಲ್ಲ ಹೇಳಿ ಆಗಿದೆ. ಬರುವ ಶುಕ್ರವಾರ ಉದ್ಘಾಟನೆ. ಆ ಗಾರೆ ತೆಗೆದ್ರೆ ಆಗುದಿಲ್ವಾ?"

"ತೆಗೆಯಬೇಕಾದರೆ ಬ್ರೇಕರ್ ಯಂತ್ರದಿಂದ ಒಡೆಯಬೇಕು. ಬ್ರೇಕರ್ ಹಾಕಿದರೆ ಚಪ್ಪಡಿ ನಡುಗುತ್ತದೆ. ಈಗ ಮಾಡಬಹುದಾದ್ದು ಕೆಳಗಿನಿಂದ ಜ್ಯಾಕ್ ಕೊಟ್ಟು ನಿಲ್ಲಿಸಿ ಎಲ್ಲರನ್ನೂ ಹೊರಗೆ ತರುವುದು," ಎಂದೆ. ಆಮೇಲೆ ಕೆಫೆಟೀರಿಯಾದ ಕಡೆ ಕೈ ತೋರಿಸಿದೆ. "ಅಲ್ಲಿಯೂ ಒಂದು ಸಲ ತಟ್ಟಿ ನೋಡಬೇಕು. ತಾರಸಿ ಒಂದೇ."

"ಅಲ್ಲಿ ಬೇಡ," ಎಂದರು ಯಜಮಾನರು ತಟ್ಟನೆ. "ಅಲ್ಲಿ ಗಿರಾಕಿಗಳಿದ್ದಾರೆ."

ಹಾಜಿಯವರು ಪರಿಚಯದ ಕಂಟ್ರಾಕ್ಟರರಿಂದ ಜ್ಯಾಕುಗಳನ್ನು, ಅಂದರೆ ತಿರುಪಿರುವ ಕಬ್ಬಿಣದ ಊರುಗಂಬಗಳನ್ನು, ತರಿಸಿದರು. ನೆಲಕ್ಕೂ ಚಾವಣಿಗೂ ಹಲಗೆ ಕೊಟ್ಟು, ನಡುವೆ ಜ್ಯಾಕು ನಿಲ್ಲಿಸಿ, ತಿರುಪನ್ನು ಕೈಯಲ್ಲೇ ಬಿಗಿ ಮಾಡಿದೆವು. ಹೆಚ್ಚು ಬಿಗಿದರೆ ಅದೇ ಮೇಲಕ್ಕೆ ದೂಡಿ ಒಡೆಯುತ್ತದೆ. ತಾಗಿ ನಿಂತರೆ ಸಾಕು. ಆ ಕೆಲಸ ಮಾಡುವಾಗ ಯಾರೂ ತಮಾಷೆ ಮಾಡಲಿಲ್ಲ. ಮೇಲೆ ಆಗಾಗ ಟಿಕ್ ಎಂಬ ಸದ್ದು ಬರುತ್ತಿತ್ತು. ಬಂದಾಗಲೆಲ್ಲ ಎಲ್ಲರ ಕೈಯೂ ನಿಲ್ಲುತ್ತಿತ್ತು.

ಉದ್ಘಾಟನೆ ಅಂಗಳದಲ್ಲಿ ಶಾಮಿಯಾನದ ಕೆಳಗೆ ನಡೆಯಿತು. ಮಕ್ಕಳು ಹಾಡಿದರು, ದೊಡ್ಡವರು ಭಾಷಣ ಮಾಡಿದರು. ಕೋಣೆಗೆ ಬೀಗ. "ಒಳಗೆ ಸ್ವಲ್ಪ ಕೆಲಸ ಬಾಕಿ ಉಂಟು," ಎಂದು ಯಜಮಾನರು ಕೇಳಿದವರಿಗೆಲ್ಲ ನಗುತ್ತ ಹೇಳಿದರು. ಅವರ ನಗು ನೋಡಿ ನನಗೆ ಪಾಪ ಅನ್ನಿಸಿತು. ಕೋಪವೂ ಬಂತು.

ಡಿಸೆಂಬರ್ ಮುಗಿಯುವಷ್ಟರಲ್ಲಿ ಪುಸ್ತಕಗಳೆಲ್ಲ ಹೊರಬಂದವು. ಬ್ಯಾಗಿನಲ್ಲಿ ಎರಡೆರಡಾಗಿ ಬಂದವು ಈಗ ರಟ್ಟಿನ ಪೆಟ್ಟಿಗೆಗಳಲ್ಲಿ ಕಾರಿನ ಡಿಕ್ಕಿ ಸೇರಿ ಮನೆಮನೆಗೆ ಹೋದವು, ಮನೆಗೊಂದು ಕಪಾಟಿನಷ್ಟು. ತರಗತಿ ಹಾಜಿಯವರ ಗೋಡೌನಿನ ಆಫೀಸಿಗೆ ಹೋಯಿತು. ಬಲದಿಯಕ್ಕೆ, ಅಂದರೆ ಇಲ್ಲಿನ ನಗರಸಭೆಗೆ, ತಿಳಿಸಬೇಕು ಎಂದು ನಾನು ಹೇಳಿದೆ. ಯಜಮಾನರು ಕೈ ಹಿಡಿದುಕೊಂಡರು.

"ತಿಳಿಸಿದ್ರೆ ಇಡೀ ಬಿಲ್ಡಿಂಗ್ ಮುಚ್ತಾರೆ. ನನ್ನ ಅಂಗಡಿ ಸಹಾ ಹೋಗ್ತದೆ. ಹೇಗೂ ಒಡೆಯುವ ಬಿಲ್ಡಿಂಗ್. ಕೋಣೆ ಖಾಲಿ, ಬೀಗ ಹಾಕಿ ಆಯ್ತು. ಇನ್ನು ಯಾರ ತಲೆ ಮೇಲೆ ಬೀಳ್ತದೆ, ಹೇಳಿ?"

ನಾನು ಬಲದಿಯಕ್ಕೆ ಹೋಗಲಿಲ್ಲ. ಅರಬ್ ಮಾಲೀಕರ ಪರವಾಗಿ ಬಾಡಿಗೆ ನೋಡಿಕೊಳ್ಳುತ್ತಿದ್ದ ಏಜೆಂಟನಿಗೆ ಕೀಲಿ ಕೊಟ್ಟು, ಚಾವಣಿ ಅಪಾಯದಲ್ಲಿದೆ, ಜ್ಯಾಕು ತೆಗೆಯಬೇಡಿ, ಯಾರನ್ನೂ ಒಳಗೆ ಬಿಡಬೇಡಿ ಎಂದು ಹಿಂದಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದೆ. "ಮಾಫಿ ಮುಶ್ಕಿಲ್," ಎಂದು ಆತ ಕೀಲಿ ಜೇಬಿಗೆ ಹಾಕಿಕೊಂಡ. ಮಾಫಿ ಎಂದರೆ ಇಲ್ಲ, ಮುಶ್ಕಿಲ್ ಎಂದರೆ ತೊಂದರೆ. ಈ ದೇಶದಲ್ಲಿ ನನಗೆ ಅತಿ ಹೆಚ್ಚು ತೊಂದರೆ ಕೊಟ್ಟ ಮಾತು ಅದು.

ಫೆಬ್ರವರಿಯ ಒಂದು ಮಧ್ಯಾಹ್ನ ಹಾಜಿಯವರು ಫೋನು ಮಾಡಿದರು. ಕಂಟ್ರಾಕ್ಟರರಿಗೆ ಕೆಲವು ಜ್ಯಾಕುಗಳು ಬೇಕಂತೆ. ಬದಲಿಗೆ ಬೇರೆ ಕೊಟ್ಟು ಇವನ್ನು ತೆಗೆಯಬಹುದೇ ಎಂದು ನಾನು ನೋಡಬೇಕಿತ್ತು. ಇಬ್ಬರೂ ಒಟ್ಟಿಗೆ ಹೋದೆವು. ಅಂಗಳದ ಗೇಟು ದೂಡಿದರೆ ಜ್ಯಾಕುಗಳೆಲ್ಲ ಗೋಡೆಗೆ ಒರಗಿ ನಿಂತಿದ್ದವು. ಅವುಗಳ ಮೇಲೆ ಒಗೆದ ಅಂಗಿ, ಲುಂಗಿಗಳು ಒಣಗುತ್ತಿದ್ದವು.

ಕೋಣೆಯ ಬಾಗಿಲು ಅರೆ ತೆರೆದಿತ್ತು. ನಾವು ರಂದ ಹೊಡೆದ ಬಾಗಿಲು ಈಗ ಮುಚ್ಚುವಂತೆಯೇ ಇರಲಿಲ್ಲ. ಒಳಗೆ ನಮ್ಮ ಎಸಿ ಗುಂಯ್‌ಗುಡುತ್ತಿತ್ತು. ಗೋಡೆಯಿಂದ ಗೋಡೆಗೆ ಎರಡಂತಸ್ತಿನ ಕಬ್ಬಿಣದ ಮಂಚಗಳು. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲಿನಲ್ಲಿ ಕಂಬಳಿ ಹೊದ್ದು ಮಲಗಿದ್ದರು. ಮೇಲಿನ ಮಂಚದವರ ಮುಖಕ್ಕೂ ನಾನು ಬಳಿದ ಬಿಳಿ ಚಾವಣಿಗೂ ನಡುವೆ ತೋಳಿನಷ್ಟು ಅಂತರ. ಗೆರೆಗಳು ಈಗ ಕೂದಲಿನಷ್ಟು ತೆಳುವಾಗಿರಲಿಲ್ಲ.

ಏಜೆಂಟನಿಗೆ ಅಲ್ಲಿಂದಲೇ ಫೋನು ಮಾಡಿದೆ. ಆತನಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. ನೀವೇ ರಿಪೇರಿ ಮಾಡಿದ್ದಲ್ಲವಾ ಭಾಯ್, ಮೇಲೆ ಹೊಸ ಗಾರೆ, ಒಳಗೆ ಹೊಸ ಪೇಂಟು, ಎಸಿ. ಈ ಗಲ್ಲಿಯಲ್ಲೇ ನಂಬರ್ ಒನ್ ರೂಮು, ಜನ ಕೇಳಿಕೊಂಡು ಬಂದರು ಎಂದ. ಜ್ಯಾಕು ಇದ್ದರೆ ಮಂಚ ಹಿಡಿಸುವುದಿಲ್ಲ ಎಂದೂ ಸೇರಿಸಿದ.

ಅವನು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಕಂದು ಕಲೆ ಹಾಗೆಯೇ ಇದ್ದಿದ್ದರೆ, ಸಿಮೆಂಟು ಉದುರಿದ್ದು ಕಾಣುವಂತಿದ್ದರೆ, ಯಾರಾದರೂ ಎರಡು ಸಲ ಯೋಚಿಸುತ್ತಿದ್ದರು. ನಾವು ಊರಿನವರೆಲ್ಲ ಸೇರಿ, ಶುಕ್ರವಾರದ ನಿದ್ದೆ ಬಿಟ್ಟು, ಆ ಅಪಾಯಕ್ಕೆ ಚಂದದ ಬಿಳಿ ಬಣ್ಣ ಬಳಿದುಕೊಟ್ಟಿದ್ದೆವು.

ಮುಂದೆ ಕೆಫೆಟೀರಿಯಾಕ್ಕೆ ಹೋದೆವು. ಯಜಮಾನರು ಚಹಾದ ಒಲೆಯ ಮುಂದೆ ನಿಂತಿದ್ದರು.

"ಹಿಂದೆ ಜನ ಇದ್ದಾರೆ ಅಂತ ನಿಮಗೆ ಗೊತ್ತಿತ್ತಾ?" ಎಂದೆ.

"ಗೊತ್ತಿಲ್ಲದೆ ಏನು? ಅವರಿಗೆ ಚಹಾ ಹೋಗುದು ಇಲ್ಲಿಂದಲೇ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಹೀಗೇ ಬಂದು ನಿಲ್ತೀರಿ ಅಂತ ಗೊತ್ತಿತ್ತು." ಸೌಟು ಕೆಳಗಿಟ್ಟರು. "ನಾಳೆ ಬಲದಿಯಕ್ಕೆ ಹೋಗ್ತೀರಿ ಅಲ್ವಾ? ಹೋಗಿ. ನಿಮಗೆ ಅಲ್ ಖೋರಿನಲ್ಲಿ ಕಂಪೆನಿ ಮನೆ ಉಂಟು, ಕಂಪೆನಿ ಬಸ್ಸು ಉಂಟು. ನಾನು ಈ ಒಲೆ ಬಿಟ್ಟು ಎಲ್ಲಿಗೆ ಹೋಗುದು? ಅಂಗಡಿ ಹೋದ್ರೆ ನನ್ನ ವೀಸಾ ಸಹಾ ಹೋಯ್ತು. ಈ ಪ್ರಾಯದಲ್ಲಿ ಊರಿಗೆ ಹೋಗಿ ಯಾರ ಹೋಟ್ಲಿನಲ್ಲಿ ಲೋಟ ತೊಳೀಲಿ?"

ಅವರ ಕೋಣೆ, ಅವರ ಊಟ, ಅವರ ಕರೆಂಟು. ವಾಚನಾಲಯ ಎಂಬುದೊಂದು ಇದ್ದದ್ದೇ ಅವರಿಂದ. ಹಾಜಿಯವರು ನಿಧಾನವಾಗಿ ಹೇಳಿದರು: "ಸಿಮೆಂಟು ಕೊಟ್ಟವ ನಾನು ಯಜಮಾನ್ರೇ. ಅದು ಈಗ ಅವರ ತಲೆ ಮೇಲುಂಟು. ಇನ್ನು ನಮಾಜಿಗೆ ನಿಂತ್ರೂ ನನಗೆ ಅದೇ ಕಾಣುದು."

ಯಜಮಾನರು ಮುಖ ತಿರುಗಿಸಿದರು. ಅಷ್ಟರಲ್ಲಿ ಹಿಂದಿನ ಕೋಣೆಯವನೊಬ್ಬ ಫ್ಲಾಸ್ಕು ಹಿಡಿದುಕೊಂಡು ಬಂದ. ನೇಪಾಳದವನಿರಬೇಕು. ತಲೆಗೂದಲು, ಹುಬ್ಬು, ಭುಜದ ಮೇಲೆಲ್ಲ ಬಿಳಿ ಪುಡಿ. ಯಜಮಾನರು ಫ್ಲಾಸ್ಕಿಗೆ ಚಹಾ ಸುರಿಯುತ್ತ ಎಂದಿನಂತೆ ವಿಚಾರಿಸಿದರು.

"ಕ್ಯಾ ಭಾಯ್, ಸೀದಾ ಸೈಟ್ ಸೇ ಆಯಾ?"

"ನಹೀಂ ಸೇಠ್," ಎಂದ ಅವನು ಕಣ್ಣುಜ್ಜುತ್ತ. "ಆಜ್ ಛುಟ್ಟಿ ಹೈ. ಅಭೀ ಸೋಕೇ ಉಠಾ."

ಅಂದು ಅವನಿಗೆ ರಜೆ. ಸೈಟಿಗೆ ಹೋದವನೇ ಅಲ್ಲ, ಈಗಷ್ಟೇ ನಿದ್ದೆಯಿಂದ ಎದ್ದು ಬಂದವನು. ಯಜಮಾನರು ಸುರಿಯುತ್ತಲೇ ಇದ್ದರು. ಚಹಾ ಫ್ಲಾಸ್ಕಿನ ಬಾಯಿ ತುಂಬಿ ಹೊರಗೆ ಹರಿಯಿತು. ಅವನು ಹೋದ ಮೇಲೂ ಅವರು ಆ ಬಿಳಿ ಪುಡಿ ಉದುರಿದ ಕೌಂಟರನ್ನೇ ನೋಡುತ್ತಿದ್ದರು. ಬಟ್ಟೆ ತಂದು ಒರೆಸಿದರು. ಆಮೇಲೆ ನಮ್ಮ ಕಡೆ ನೋಡದೆಯೇ ಕೇಳಿದರು:

"ಬಲದಿಯ ಆಫೀಸು ಬೆಳಿಗ್ಗೆ ಎಷ್ಟು ಗಂಟೆಗೆ ತೆರೀತದೆ?"

ಮಾರನೆಯ ದಿನ ರಜೆ ಹಾಕಿ ಹಾಜಿಯವರೊಂದಿಗೆ ಹೋದೆ. ಹಾಜಿಯವರ ಅರಬಿ ಒಳ್ಳೆಯದು. ಎಂಜಿನಿಯರ್ ಒಬ್ಬರು ಅವತ್ತೇ ಬಂದರು. ಕೋಣೆಯಲ್ಲಿದ್ದವರನ್ನು ಎಬ್ಬಿಸಿ ಅಂಗಳಕ್ಕೆ ಕಳಿಸಿದೆವು. ಎಂಜಿನಿಯರ್ ಬಾಗಿಲಲ್ಲಿ ನಿಂತು ಚಾವಣಿ ನೋಡಿದರು. ಇದು ನನ್ನ ಆಫೀಸಿಗಿಂತ ಚೆನ್ನಾಗಿದೆಯಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ಅವರ ತಪ್ಪೇನೂ ಇರಲಿಲ್ಲ. ಬಾಗಿಲಿನಿಂದ ನೋಡಿದರೆ ನಾಲ್ಕು ಗೆರೆ, ಉಳಿದದ್ದೆಲ್ಲ ಬಿಳುಪು.

ಮಾತಿನಲ್ಲಿ ತೋರಿಸುವಂಥದ್ದಲ್ಲ. ಗೋಡೆಯ ಪಕ್ಕ ಎರಡು ಜ್ಯಾಕು ಮತ್ತೆ ನಿಲ್ಲಿಸಿ, ಹೆಲ್ಮೆಟ್ಟು ಹಾಕಿ, ಅವುಗಳ ಮರೆಯಲ್ಲಿ ಏಣಿ ಇಟ್ಟೆ. ಯಾರಾದರೂ ಏಣಿ ಹಿಡಿಯಬೇಕಿತ್ತು. ತಿರುಗಿ ನೋಡುವಷ್ಟರಲ್ಲಿ ಹಿಡಿದಾಗಿತ್ತು. ಏಪ್ರನ್ ಬಿಚ್ಚದೆಯೇ ಬಂದಿದ್ದ ಯಜಮಾನರು.

"ನೀವು ಹೊರಗೆ ನಿಲ್ಲಿ," ಎಂದೆ.

"ಹತ್ತಿ ನೀವು," ಎಂದರು.

ಸುತ್ತಿಗೆಯ ಚೂಪು ತುದಿಯನ್ನು ಒಂದು ಗೆರೆಗೆ ಇಟ್ಟು ಬೇರೊಂದು ಸುತ್ತಿಗೆಯಿಂದ ಹೊಡೆದೆ. ಒಂದು ಏಟಿಗೆ ಏನೂ ಆಗಲಿಲ್ಲ. ಇನ್ನೊಂದಕ್ಕೆ ಊಟದ ತಟ್ಟೆಗಿಂತ ಅಗಲದ ಕಾಂಕ್ರೀಟು ಹಲಗೆ ಕಳಚಿ ಕೆಳಗಿದ್ದ ಮೇಲಂತಸ್ತಿನ ಮಂಚದ ದಿಂಬಿನ ಮೇಲೆ ಬಿತ್ತು. ಮಂಚದ ತಗಡು ಬಗ್ಗಿತು. ಅದರ ಹಿಂದೆಯೇ ಮತ್ತೊಂದು, ನಾನು ಮುಟ್ಟದೆಯೇ. ಕಂದು ಪುಡಿ ಕಣ್ಣಿಗೆ ಬಾಯಿಗೆ ತುಂಬಿತು. ಮೇಲೆ ಸರಳುಗಳು ಕಂಡವು, ಖಾರಿ ಬಿಸ್ಕತ್ತಿನ ಹಾಗೆ ಪದರ ಪದರ. ಬೆರಳಿನಿಂದ ಒತ್ತಿದರೆ ಉದುರಿದವು. ಎಂಜಿನಿಯರ್ ನಗುವುದನ್ನು ನಿಲ್ಲಿಸಿದ್ದರು.

"ಖಲಾಸ್," ಎಂದರು. "ಇಳಿಯಿರಿ. ಯಾರೂ ಒಳಗೆ ಹೋಗುವಂತಿಲ್ಲ."

ಏಜೆಂಟನಿಗೆ ಅವರೇ ಫೋನು ಮಾಡಿ ಸಂಜೆಯೊಳಗೆ ಆ ಜನರಿಗೆ ಬೇರೆ ಜಾಗ ಕೊಡಲು ತಾಕೀತು ಮಾಡಿದರು. ಬಾಗಿಲಿಗೆ ಮುದ್ರೆ ಬಿತ್ತು. ಮುಂದಿನ ಭಾಗವನ್ನು ಇನ್ನೊಂದು ದಿನ ಬಂದು ನೋಡುತ್ತೇವೆ ಎಂದು ಹೇಳಿ ಹೊರಟರು. ಅಂಗಳದಲ್ಲಿ ಆ ಗಂಡಸರು ಹಾಸಿಗೆ ಸುತ್ತಿಕೊಂಡು ಬಿಸಿಲಿನಲ್ಲಿ ಕುಳಿತಿದ್ದರು. ನಾನು ಅವರ ನಿದ್ದೆ ಕೆಡಿಸಿದವನು; ಯಾರೂ ನನ್ನತ್ತ ಪ್ರೀತಿಯಿಂದ ನೋಡಲಿಲ್ಲ. ಫ್ಲಾಸ್ಕಿನವನು ಮಾತ್ರ ಬಾಗಿಲ ಸಂದಿಯಲ್ಲಿ ಆ ದಿಂಬನ್ನು ನೋಡುತ್ತ ನಿಂತಿದ್ದ. ಅದು ಅವನದೇ.

ನಾನು ಸುತ್ತಿಗೆಯನ್ನು ಚೀಲಕ್ಕೆ ಹಾಕುತ್ತಿದ್ದೆ. ಯಜಮಾನರು ಏಣಿಯನ್ನು ಹೆಗಲ ಮೇಲೆ ಇಟ್ಟುಕೊಂಡರು.

"ಬನ್ನಿ," ಎಂದರು.

"ಎಲ್ಲಿಗೆ?"

"ಅಂಗಡಿಗೆ. ಅಲ್ಲಿ ಸಹಾ ತಟ್ಟಿ."

"ಇನ್ನೊಂದು ದಿನ ಬರುತ್ತೇವೆ ಎಂದರಲ್ಲ. ಅವರೇ ನೋಡಲಿ," ಎಂದೆ. ನಿಜ ಹೇಳಬೇಕೆಂದರೆ ಆ ಕೆಲಸ ನನ್ನ ಕೈಯಿಂದ ಆಗುವುದು ನನಗೆ ಬೇಡವಾಗಿತ್ತು.

"ಅಷ್ಟು ದಿನ ನನ್ನ ಹುಡುಗರು ಅದರ ಕೆಳಗೆ ನಿಲ್ಲುದಾ?"

ಗಿರಾಕಿಗಳನ್ನೂ ಹುಡುಗರನ್ನೂ ಹೊರಗೆ ಕಳಿಸಿ, ಅವರೇ ಏಣಿ ನಿಲ್ಲಿಸಿದರು, ಚಹಾದ ಒಲೆಯ ಪಕ್ಕದಲ್ಲಿ. ಅಲ್ಲಿನ ಚಾವಣಿ ವರ್ಷಗಳ ಹೊಗೆಗೆ ಕಪ್ಪಾಗಿತ್ತು. ಕಲೆಯಾಗಲಿ ಗೆರೆಯಾಗಲಿ ಕಾಣುವಂತಿರಲಿಲ್ಲ. ಹತ್ತಿ, ಹಗುರವಾಗಿ ತಟ್ಟಿದೆ.

ಡಬ್.

ಒಂದು ಗೇಣು ಆಚೆ ತಟ್ಟಿದೆ. ಅದೇ ಸದ್ದು. ಒಲೆಯಿಂದ ಕೌಂಟರಿನವರೆಗೆ, ಅವರು ದಿನವೂ ನಿಲ್ಲುವ ಜಾಗದ ನೆತ್ತಿಯ ಮೇಲೆಲ್ಲ ಅದೇ ಸದ್ದು. ನಾನು ಕೆಳಗೆ ನೋಡಲಿಲ್ಲ. ಅವರಿಗೂ ಕೇಳಿಸಿತ್ತು.

ಹೊರಗೆ ಕಾರೊಂದು ಬಂದು ನಿಂತು, ಚಹಾಕ್ಕಾಗಿ ಹಾರ್ನ್ ಹೊಡೆಯಿತು. ಯಜಮಾನರು ಬಗ್ಗಿ ಒಲೆಯ ಗ್ಯಾಸು ಆರಿಸಿದರು. ಏಪ್ರನ್ ಬಿಚ್ಚಿ ಮಡಚಿ ಕೌಂಟರಿನ ಮೇಲೆ ಇಟ್ಟರು. ಬಾಗಿಲಿಗೆ ಹೋಗಿ, ಕಾರಿನವರಿಗೆ ಕೈ ಅಲ್ಲಾಡಿಸಿದರು.

"ಚಾಯ್ ಮಾಫಿ," ಎಂದರು.